ಹಡಗು, ಬಂದರು, ಪೈಪ್‌ಲೈನ್ ತಿನ್ನುವ ಬ್ಯಾಕ್ಟೀರಿಯಾ: ಕಣ್ಣಿಗೆ ಕಾಣದ ತುಕ್ಕನ್ನು ತಡೆಯುವುದು ಹೇಗೆ?

ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಡಲಿನ ಉಕ್ಕನ್ನು ಉಪ್ಪಿಗಿಂತ ವೇಗವಾಗಿ, ಅದೂ ಒಳಗಿಂದೊಳಗೆ ಕೊರೆಯುವ ಇನ್ನೊಂದು ಶತ್ರು ಇದೆ. ಅದು ಬ್ಯಾಕ್ಟೀರಿಯಾ. ಹಡಗಿನ ತಳ, ಬಂದರಿನ ಗೋಡೆ, ತೈಲ ಸಾಗಿಸುವ ಪೈಪು, ಬೋಟಿನ ಡೀಸೆಲ್ ಟ್ಯಾಂಕ್ ಯಾವುದನ್ನೂ ಅದು ಬಿಡುವುದಿಲ್ಲ. ಇದು ಹೇಗೆ ನಡೆಯುತ್ತದೆ, ತಡೆಯಲು ಏನು ಮಾಡಬೇಕು ಎಂಬುದರ ವಿವರ ಇಲ್ಲಿದೆ.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧ. ಈ ಅವಧಿಯಲ್ಲಿ ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿ, ಕಾರವಾರದ ಬಂದರುಗಳಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ಲಂಗರು ಹಾಕಿರುತ್ತವೆ. ಕೆಲವನ್ನು ದಡಕ್ಕೆ ಎಳೆದು ತಳ ಕೆರೆದು, ಬೆಸುಗೆ ಹಾಕಿ, ಹೊಸ ಬಣ್ಣ ಬಳಿಯುತ್ತಾರೆ. ಮರದ ಬೋಟುಗಳ ಜತೆಗೆ ಈಗ ಉಕ್ಕಿನ ಮತ್ತು ಫೈಬರ್ ಬೋಟುಗಳೂ ಕಡಲಿಗೆ ಇಳಿಯುತ್ತಿವೆ. ಉಕ್ಕಿನ ಬೋಟಿನ ತಳ ಕೆರೆಯುವಾಗ ಅಲ್ಲಲ್ಲಿ ಕಪ್ಪು ಲೋಳೆ ಸಿಗುವುದುಂಟು. ಅದನ್ನು ಒರೆಸಿದರೆ ಅಡಿಯಲ್ಲಿ ಸಣ್ಣ ಬಟ್ಟಲಿನಂತಹ ಗುಂಡಿ, ಅದರೊಳಗೆ ಹೊಳೆಯುವ ಉಕ್ಕು. ಸುತ್ತಲಿನ ಹಾಳೆ ಗಟ್ಟಿಯಾಗಿಯೇ ಇರುತ್ತದೆ. ಈ ಗುಂಡಿಯೇ ಬ್ಯಾಕ್ಟೀರಿಯಾದ ಕೆಲಸದ ಗುರುತು.

ತುಕ್ಕು ಎಂದರೇನು?

ಭೂಮಿಯಲ್ಲಿ ಕಬ್ಬಿಣ ಶುದ್ಧ ಲೋಹವಾಗಿ ಸಿಗುವುದು ತೀರಾ ಅಪರೂಪ. ಬಳ್ಳಾರಿ, ಸಂಡೂರಿನ ಮಣ್ಣಿನಲ್ಲಿರುವುದು ಆಮ್ಲಜನಕದ ಜತೆ ಸೇರಿದ ಕಬ್ಬಿಣ, ಅಂದರೆ ಅದಿರು. ಕುದುರೆಮುಖದಲ್ಲಿ ತೆಗೆದ ಅದಿರೂ ಅದೇ ಬಗೆಯದು. ಅದನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಪೈಪಿನಲ್ಲಿ ಪಣಂಬೂರಿಗೆ ತಂದು ಅಲ್ಲಿಂದ ಹಡಗಿಗೆ ತುಂಬಲಾಗುತ್ತಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರಿನಿಂದ ಕಬ್ಬಿಣ ಬೇರ್ಪಡಿಸಲು ಕುಲುಮೆಯಲ್ಲಿ ಭಾರೀ ಶಕ್ತಿ ವ್ಯಯಿಸಬೇಕು. ನೀರು ಮತ್ತು ಆಮ್ಲಜನಕ ಸಿಕ್ಕಿದರೆ ಸಾಕು, ಆ ಲೋಹ ಮತ್ತೆ ಅದಿರಿನ ರೂಪಕ್ಕೆ ಮರಳಲು ಹೊರಡುತ್ತದೆ. ಆ ಮರುಪಯಣದ ಹೆಸರೇ ತುಕ್ಕು.

ಈ ಕ್ರಿಯೆಯಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ನೀರಿನಲ್ಲಿ ಕರಗುತ್ತವೆ. ಬಿಟ್ಟ ಎಲೆಕ್ಟ್ರಾನನ್ನು ಸಾಮಾನ್ಯವಾಗಿ ಆಮ್ಲಜನಕ ಹೀರಿಕೊಳ್ಳುತ್ತದೆ. ಆಮ್ಲಜನಕ ಇಲ್ಲದಿದ್ದರೆ ತುಕ್ಕು ಬಹುಮಟ್ಟಿಗೆ ನಿಲ್ಲಬೇಕು. ಆದರೆ ಆಮ್ಲಜನಕವೇ ಇಲ್ಲದ ಕೆಸರಿನಲ್ಲಿ ಹೂತ ಪೈಪುಗಳೂ ತೂತಾಗುತ್ತಿದ್ದವು. ಇದು ಎಂಜಿನಿಯರ್‌ಗಳನ್ನು ಬಹಳ ಕಾಲ ಕಾಡಿದ ಒಗಟು.

1934ರಲ್ಲಿ ಸಿಕ್ಕ ಸುಳಿವು

ನೆದರ್ಲೆಂಡ್ಸ್‌ನಲ್ಲಿ ಜೇಡಿಮಣ್ಣಿನಲ್ಲಿ ಹೂತಿದ್ದ ಎರಕದ ಕಬ್ಬಿಣದ ನೀರಿನ ಪೈಪುಗಳು ಹೀಗೆ ಹಾಳಾಗುತ್ತಿದ್ದವು. ಅಲ್ಲಿನ ಸಂಶೋಧಕರಾದ ಫಾನ್ ವೊಲ್ಜೋಗೆನ್ ಕೂರ್ ಮತ್ತು ಫಾನ್ ಡೆರ್ ವ್ಲುಗ್ಟ್ 1934ರಲ್ಲಿ ಇದಕ್ಕೆ ವಿವರಣೆ ಕೊಟ್ಟರು. ಆಮ್ಲಜನಕದ ಬದಲು ಸಲ್ಫೇಟ್ ಬಳಸಿ ಬದುಕುವ ಬ್ಯಾಕ್ಟೀರಿಯಾ ಈ ಕೆಲಸ ಮಾಡುತ್ತಿದೆ, ಕಬ್ಬಿಣದ ಮೇಲ್ಮೈಯಲ್ಲಿ ಉಂಟಾಗುವ ಹೈಡ್ರೋಜನ್ ಅನ್ನು ಅದು ತಿಂದು ಮುಗಿಸುವುದರಿಂದ ಸವೆತ ನಿಲ್ಲದೆ ಸಾಗುತ್ತದೆ ಎಂಬುದು ಅವರ ವಾದ.

ಎಪ್ಪತ್ತು ವರ್ಷಗಳ ಬಳಿಕ, 2004ರಲ್ಲಿ, ಜರ್ಮನಿಯ ಬ್ರೆಮೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ 'ನೇಚರ್' ಪತ್ರಿಕೆಯಲ್ಲಿ ಇನ್ನೊಂದು ಸಂಗತಿ ಪ್ರಕಟಿಸಿತು. ಸಮುದ್ರದ ಕೆಸರಿನಿಂದ ಬೇರ್ಪಡಿಸಿದ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್‌ಗಾಗಿ ಕಾಯುವುದೂ ಇಲ್ಲ, ಕಬ್ಬಿಣದಿಂದ ನೇರವಾಗಿ ಎಲೆಕ್ಟ್ರಾನ್ ಪಡೆಯುವಂತೆ ಕಾಣುತ್ತವೆ ಎಂದು ಅದು ತೋರಿಸಿತು. ಇವುಗಳ ಪಾಲಿಗೆ ಹಡಗಿನ ತಳವೇ ಊಟದ ತಟ್ಟೆ.

ಹೀಗೆ ಸೂಕ್ಷ್ಮಜೀವಿಗಳಿಂದ ಹೆಚ್ಚುವ ಸವೆತಕ್ಕೆ ಎಂಜಿನಿಯರಿಂಗ್ ವಲಯದಲ್ಲಿ 'ಎಂಐಸಿ' ಎಂಬ ಹೆಸರಿದೆ. ಒಟ್ಟು ಸವೆತದಲ್ಲಿ ಇದರ ಪಾಲು ಶೇ. 20ರಷ್ಟು ಎಂಬ ಅಂದಾಜನ್ನು ತಜ್ಞರು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ.

ಲೋಳೆಯೊಳಗೆ ಏನು ನಡೆಯುತ್ತದೆ?

ಹೊಸ ಉಕ್ಕಿನ ಹಾಳೆಯನ್ನು ಸಮುದ್ರಕ್ಕೆ ಇಳಿಸಿದ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಆರಂಭಿಸುತ್ತದೆ. ಅಂಟಿದ ಬಳಿಕ ಸಕ್ಕರೆಯಂತಹ ಅಂಟು ಪದಾರ್ಥ ಸ್ರವಿಸಿ ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಕೆರೆಯ ಮೆಟ್ಟಿಲಿನ ಮೇಲೆ ಕಾಲು ಜಾರಿಸುವ ಪದರವೂ ಇದೇ ಬಗೆಯದು.

ಈ ಪದರದಲ್ಲಿ ಮಹಡಿಗಳಿವೆ. ಮೇಲಿನ ಮಹಡಿಯ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಹೀಗಾಗಿ ಅತ್ಯಂತ ಕೆಳಗೆ, ಉಕ್ಕಿಗೆ ಅಂಟಿದ ಜಾಗದಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಡಿಸಲ್ಫೋವಿಬ್ರಿಯೋ ಮುಂತಾದ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುವುದರಿಂದ ಅವುಗಳಿಗೆ ಕೊರತೆಯೇ ಇಲ್ಲ. ಅವು ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಕಬ್ಬಿಣದೊಂದಿಗೆ ಸೇರಿ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಕಪ್ಪು ಲೋಳೆ ಮತ್ತು ಕೊಳೆತ ಮೊಟ್ಟೆಯ ವಾಸನೆಗೆ ಇದೇ ಕಾರಣ.

ಇಲ್ಲಿನ ದೊಡ್ಡ ಅಪಾಯ ಸವೆತದ ಪ್ರಮಾಣಕ್ಕಿಂತ ಅದರ ರೀತಿಯಲ್ಲಿದೆ. ಸಾಮಾನ್ಯ ತುಕ್ಕು ಹಾಳೆಯನ್ನು ಎಲ್ಲೆಡೆ ಸಮನಾಗಿ ತೆಳುವಾಗಿಸುತ್ತದೆ. ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂದು ಲೆಕ್ಕ ಹಾಕಬಹುದು. ಬ್ಯಾಕ್ಟೀರಿಯಾ ಒಂದೇ ಕಡೆ ಆಳಕ್ಕೆ ಕೊರೆಯುತ್ತದೆ. ಶೇ. 99ರಷ್ಟು ಉಕ್ಕು ಗಟ್ಟಿಯಾಗಿದ್ದರೂ ಒಂದು ತೂತು ಸಾಕು, ಟ್ಯಾಂಕ್ ಸೋರುತ್ತದೆ. 'ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಚಿಂತೆ ಇಲ್ಲ' ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅಡುಗೆಮನೆಯಿಂದ ಕಾರ್ಖಾನೆಯವರೆಗೆ ಬಳಕೆಯಲ್ಲಿರುವ ಸಾಮಾನ್ಯ ದರ್ಜೆಯ ಸ್ಟೇನ್‌ಲೆಸ್ ಉಕ್ಕು ಕೂಡ, ವಿಶೇಷವಾಗಿ ಬೆಸುಗೆ ಹಾಕಿದ ಜಾಗದಲ್ಲಿ, ಹೀಗೆ ತೂತಾಗುತ್ತದೆ.

ಟೈಟಾನಿಕ್ ಮೇಲೂ ಅದೇ ಕೈವಾಡ

1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಅವಶೇಷ 1985ರಲ್ಲಿ ಸುಮಾರು 3,800 ಮೀಟರ್ ಆಳದಲ್ಲಿ ಪತ್ತೆಯಾಯಿತು. ಅದರ ಮೈಯಿಂದ ಜೋತುಬಿದ್ದ, ಮೇಣ ಕರಗಿ ಇಳಿದಂತೆ ಕಾಣುವ ತುಕ್ಕಿನ ಗೊಂಚಲುಗಳನ್ನು ಪರೀಕ್ಷಿಸಿದಾಗ ಅವು ಸೂಕ್ಷ್ಮಜೀವಿಗಳ ವಸಾಹತುಗಳು ಎಂದು ತಿಳಿಯಿತು. ಅವುಗಳಲ್ಲಿ ಸಿಕ್ಕ ಹೊಸ ಪ್ರಭೇದದ ಬ್ಯಾಕ್ಟೀರಿಯಾವೊಂದಕ್ಕೆ 2010ರಲ್ಲಿ ವಿಜ್ಞಾನಿಗಳು ಆ ಹಡಗಿನ ಹೆಸರನ್ನೇ ಇಟ್ಟು 'ಹ್ಯಾಲೊಮೊನಾಸ್ ಟೈಟಾನಿಕೆ' ಎಂದು ಕರೆದರು. ತಣ್ಣನೆಯ, ಕತ್ತಲಿನ ಸಾಗರದಾಳದಲ್ಲೇ ಈ ಕೆಲಸ ನಡೆಯುತ್ತದೆ. ವರ್ಷದ ಬಹುಭಾಗ 27ರಿಂದ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವ ಅರಬ್ಬಿ ಸಮುದ್ರದ ಕರಾವಳಿ ನೀರು ಬ್ಯಾಕ್ಟೀರಿಯಾಕ್ಕೆ ಇನ್ನೂ ಅನುಕೂಲಕರ.

ಬಂದರಿನಲ್ಲಿ ಅಪಾಯ ಹೆಚ್ಚೇಕೆ?

ತೆರೆದ ಸಮುದ್ರದಲ್ಲಿ ಓಡುವ ಹಡಗಿಗಿಂತ ಬಂದರಿನಲ್ಲಿ ನಿಂತ ಹಡಗಿಗೆ ಅಪಾಯ ಹೆಚ್ಚು. ನೀರು ಹರಿಯದಿದ್ದರೆ ಲೋಳೆ ಬೇಗ ಕಟ್ಟುತ್ತದೆ. ಬಂದರಿಗೆ ನದಿ ತರುವ ಹೂಳು, ಊರಿನ ಕೊಳಚೆ, ಮೀನಿನ ತ್ಯಾಜ್ಯ, ಸೋರಿದ ಎಣ್ಣೆ ಸೇರಿಕೊಳ್ಳುತ್ತವೆ. ಇವೆಲ್ಲ ಬ್ಯಾಕ್ಟೀರಿಯಾಕ್ಕೆ ಆಹಾರ. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಸೇರುವ ಅಳಿವೆಯ ಮಗ್ಗುಲಲ್ಲಿರುವ ಮಂಗಳೂರಿನ ಹಳೆ ಬಂದರಿನಂತಹ ಜಾಗದಲ್ಲಿ ಉಪ್ಪುನೀರಿನ ಸಲ್ಫೇಟ್ ಮತ್ತು ನದಿ ತರುವ ಸಾವಯವ ಕಸ ಎರಡೂ ಒಟ್ಟಿಗೆ ದೊರೆಯುತ್ತವೆ. ಮೀನಿನ ಸಂತಾನೋತ್ಪತ್ತಿಗಾಗಿ ಬೋಟುಗಳು ಎರಡು ತಿಂಗಳು ನಿಲ್ಲುವ ಅವಧಿ ಹೀಗೆ ಬ್ಯಾಕ್ಟೀರಿಯಾಕ್ಕೂ ಅನುಕೂಲ ಮಾಡಿಕೊಡುತ್ತದೆ.

ಬಂದರಿನ ಕಟ್ಟಡಗಳಿಗೆ ಇದರ ಇನ್ನೊಂದು ರೂಪ ಕಾಡುತ್ತದೆ. ಧಕ್ಕೆಯ ಗೋಡೆಗೆ ನೆಲಕ್ಕೆ ಬಡಿದು ನಿಲ್ಲಿಸುವ ಉಕ್ಕಿನ ಹಾಳೆಗಳಿಗೆ 'ಶೀಟ್ ಪೈಲ್' ಎನ್ನುತ್ತಾರೆ. ಸಮುದ್ರ ಅತ್ಯಂತ ಕೆಳಗಿಳಿಯುವ ಇಳಿತದ ಮಟ್ಟದಲ್ಲಿ ಈ ಹಾಳೆಗಳ ಮೇಲೆ ಕಿತ್ತಳೆ ಬಣ್ಣದ ಮೆತ್ತನೆಯ ಪದರ, ಅದರಡಿ ಕಪ್ಪು ಕೆಸರು, ಅದರಡಿ ಗುಂಡಿ ಬಿದ್ದ ಹೊಳೆಯುವ ಉಕ್ಕು ಕಾಣಿಸಿಕೊಳ್ಳುತ್ತದೆ. ಯುರೋಪಿನ ಅನೇಕ ಬಂದರುಗಳಲ್ಲಿ 1980ರ ದಶಕದಿಂದ ಇದು ದೊಡ್ಡ ಸಮಸ್ಯೆಯಾಗಿ ಗುರುತಾಗಿದೆ. ಇಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾಗಳು ಜತೆಯಾಗಿ ದುಡಿಯುತ್ತವೆ. ಒಂದು ಸಲ್ಫೇಟ್‌ನಿಂದ ಸಲ್ಫೈಡ್ ಮಾಡಿದರೆ, ಇನ್ನೊಂದು ಆ ಸಲ್ಫೈಡ್‌ನಿಂದ ಗಂಧಕದ ಆಮ್ಲ ತಯಾರಿಸುತ್ತದೆ.

ಲೆಕ್ಕ ಸರಳ. ಸಮುದ್ರದ ನೀರಿನಡಿ ಉಕ್ಕಿನ ಸಾಮಾನ್ಯ ಸವೆತ ವರ್ಷಕ್ಕೆ 0.1 ಮಿ.ಮೀ. ಆಸುಪಾಸು. 10 ಮಿ.ಮೀ. ದಪ್ಪದ ಹಾಳೆ ತೂತಾಗಲು ನೂರು ವರ್ಷ ಬೇಕು. ಬ್ಯಾಕ್ಟೀರಿಯಾ ಸೇರಿಕೊಂಡಾಗ ಸವೆತ ವರ್ಷಕ್ಕೆ 0.5 ಮಿ.ಮೀ. ಅಥವಾ ಅದಕ್ಕೂ ಹೆಚ್ಚಾಗುವುದುಂಟು. ಆಗ ಅದೇ ಹಾಳೆ 20 ವರ್ಷದಲ್ಲಿ ತೂತು. ಗೋಡೆಯ ಹಿಂದಿನ ಮಣ್ಣು ಆ ತೂತಿನಿಂದ ನೀರಿಗೆ ಸೋರಿಹೋದರೆ ಮೇಲಿನ ನೆಲವೇ ಕುಸಿಯುತ್ತದೆ.

ಕಾರ್ಖಾನೆ, ಪೈಪ್‌ಲೈನ್‌ಗಳಿಗೂ ಕಾಟ

ಕರ್ನಾಟಕದ ಕರಾವಳಿ ಈಗ ಬರೀ ಮೀನುಗಾರಿಕೆಯ ಜಾಗವಾಗಿ ಉಳಿದಿಲ್ಲ. 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಣೆಯಾದ ನವಮಂಗಳೂರು ಬಂದರು, ಅದರ ಬೆನ್ನಿಗಿರುವ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ, ಸಮುದ್ರದ ನೀರಿನಿಂದ ತಂಪಾಗಿಸಿಕೊಳ್ಳುವ ಉಡುಪಿಯ ಎಲ್ಲೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಕಾರವಾರದ ನೌಕಾನೆಲೆ 'ಐಎನ್‌ಎಸ್ ಕದಂಬ' ಎಲ್ಲವೂ ಉಕ್ಕು ಮತ್ತು ಉಪ್ಪುನೀರಿನ ನಡುವೆ ನಿಂತಿವೆ.

ಪೈಪಿನೊಳಗೆ ಬ್ಯಾಕ್ಟೀರಿಯಾ ಬೆಳೆದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಲಾಸ್ಕಾದ ಪ್ರೂಡೋ ಬೇ ತೈಲಕ್ಷೇತ್ರ ಉದಾಹರಣೆ. 2006ರ ಮಾರ್ಚ್‌ನಲ್ಲಿ ಅಲ್ಲಿನ ಪೈಪೊಂದರಿಂದ 2 ಲಕ್ಷ ಗ್ಯಾಲನ್‌ಗೂ ಹೆಚ್ಚು, ಅಂದರೆ ಸುಮಾರು 8 ಲಕ್ಷ ಲೀಟರ್ ಕಚ್ಚಾತೈಲ ಹಿಮದ ನೆಲಕ್ಕೆ ಸೋರಿತು. ಕಾರಣ ಒಳಗಿನಿಂದ ಕೊರೆದ ಒಂದು ಪುಟ್ಟ ರಂಧ್ರ. ತೈಲ ನಿಧಾನವಾಗಿ ಹರಿಯುತ್ತಿದ್ದ ಆ ಪೈಪಿನ ತಳದಲ್ಲಿ ಗಸಿ ಸೇರಿಕೊಂಡಿತ್ತು. ಅದರಡಿ ಬ್ಯಾಕ್ಟೀರಿಯಾ ಬೆಳೆದಿರುವ ಸಾಧ್ಯತೆಯನ್ನು ತನಿಖೆಯ ವೇಳೆ ಗುರುತಿಸಲಾಯಿತು. ಪೈಪಿನೊಳಗೆ ಕಳುಹಿಸಿ ಗೋಡೆಯನ್ನು ಪರೀಕ್ಷಿಸುವ 'ಪಿಗ್' ಎಂಬ ಸಾಧನವನ್ನು ಅದರಲ್ಲಿ 1998ರ ಬಳಿಕ ಓಡಿಸಿಯೇ ಇರಲಿಲ್ಲ.

ಹೊಸ ಕಾರ್ಖಾನೆಗಳೂ ಇದರಿಂದ ಹೊರತಲ್ಲ. ಪೈಪು ಜೋಡಿಸಿದ ಮೇಲೆ ಸೋರುತ್ತದೆಯೇ ಎಂದು ನೋಡಲು ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಪರೀಕ್ಷೆ ಮುಗಿದ ಬಳಿಕ ಆ ನೀರನ್ನು ಖಾಲಿ ಮಾಡಿ ಒಣಗಿಸದೆ ಬಿಟ್ಟರೆ, ಕಾರ್ಖಾನೆ ಆರಂಭವಾಗುವ ಮೊದಲೇ ಕೆಲವು ತಿಂಗಳಲ್ಲಿ ಪೈಪು ತೂತಾಗಿರುತ್ತದೆ. ಕೊಳವೆ ಬಾವಿಯ ಅಥವಾ ಹೊಳೆಯ ನೀರನ್ನು ಸಂಸ್ಕರಿಸದೆ ತುಂಬಿದಾಗ ಈ ಅಪಾಯ ಇನ್ನೂ ಹೆಚ್ಚು.

ತಡೆಯುವ ದಾರಿ 1: ಬಣ್ಣದ ಲೇಪನ

ಮೊದಲ ರಕ್ಷಣೆ ಉಕ್ಕಿಗೂ ನೀರಿಗೂ ನಡುವೆ ಗೋಡೆ ಕಟ್ಟುವುದು. ಇದಕ್ಕೆ ಎಪಾಕ್ಸಿ ಲೇಪನ ಬಳಸುತ್ತಾರೆ. ಹಡಗು ಸಮತೋಲನಕ್ಕಾಗಿ ಸಮುದ್ರದ ನೀರು ತುಂಬಿಕೊಳ್ಳುವ ಬ್ಯಾಲಸ್ಟ್ ಟ್ಯಾಂಕ್‌ಗಳ ಲೇಪನ 15 ವರ್ಷ ಬಾಳಿಕೆ ಬರುವ ಗುರಿ ಇರಬೇಕು ಎಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2006ರಲ್ಲಿ ಮಾನದಂಡ ರೂಪಿಸಿತು. ಅದರಂತೆ ಒಣಗಿದ ಲೇಪನದ ದಪ್ಪ 320 ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಮೂರನೇ ಒಂದು ಭಾಗದಷ್ಟು.

ಆದರೆ ಲೇಪನದ ಬಾಳಿಕೆ ನಿಂತಿರುವುದು ಬಳಿಯುವ ಮೊದಲಿನ ಕೆಲಸದ ಮೇಲೆ. ಹಳೆ ತುಕ್ಕು, ಉಪ್ಪು, ಜಿಡ್ಡು ಪೂರ್ತಿ ಹೋಗುವಂತೆ ಮೇಲ್ಮೈಯನ್ನು ಉಜ್ಜಿ ಒಣಗಿಸಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಅದು ಹೊಪ್ಪಳೆಯಂತೆ ಏಳುತ್ತದೆ. ಆ ಹೊಪ್ಪಳೆಯ ಒಳಗೆ ಗಾಳಿಯಾಡದ ನೀರು ನಿಲ್ಲುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ.

ದಾರಿ 2: ಸತುವಿನ ಬಲಿ

ಬೋಟಿನ ತಳದಲ್ಲಿ, ಚುಕ್ಕಾಣಿ ಮತ್ತು ಫ್ಯಾನಿನ ಬಳಿ ಸತುವಿನ ತುಂಡುಗಳನ್ನು ಜೋಡಿಸಿರುವುದನ್ನು ಕಾಣಬಹುದು. ಇವು 'ಬಲಿ ಆನೋಡ್'ಗಳು. ಕಬ್ಬಿಣಕ್ಕಿಂತ ಸತು ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುವುದರಿಂದ ಮೊದಲು ಸವೆಯುವುದು ಸತು. ಅದು ಇರುವವರೆಗೆ ಕಬ್ಬಿಣ ಉಳಿಯುತ್ತದೆ. ದೊಡ್ಡ ಹಡಗು ಮತ್ತು ಬಂದರುಗಳಲ್ಲಿ ಅಲ್ಯೂಮಿನಿಯಂ ಆನೋಡ್ ಬಳಸುತ್ತಾರೆ, ಇಲ್ಲವೇ ಹೊರಗಿನಿಂದ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ. ಈ ವಿಧಾನಕ್ಕೆ 'ಕ್ಯಾಥೋಡಿಕ್ ರಕ್ಷಣೆ' ಎಂದು ಹೆಸರು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಸಮುದ್ರದ ನೀರಿನಲ್ಲಿ ಬಳಸುವ ಬೆಳ್ಳಿ-ಸಿಲ್ವರ್ ಕ್ಲೋರೈಡ್ ಅಳತೆಗೋಲಿನ ಪ್ರಕಾರ ಉಕ್ಕಿನ ವಿದ್ಯುತ್ ಮಟ್ಟ ಮೈನಸ್ 0.80 ವೋಲ್ಟ್‌ಗೆ ಇಳಿದರೆ ಸಾಮಾನ್ಯ ಸಂದರ್ಭದಲ್ಲಿ ಸಾಕು. ಸಲ್ಫೇಟ್ ಬ್ಯಾಕ್ಟೀರಿಯಾ ಇರುವ ಕೆಸರಿನಲ್ಲಿ ಅದು ಮೈನಸ್ 0.90 ವೋಲ್ಟ್‌ವರೆಗೆ ಇಳಿಯಬೇಕು. ಹಾಗೆಂದು ಬೇಕಾಬಿಟ್ಟಿ ಇಳಿಸುವಂತೆಯೂ ಇಲ್ಲ. ಹೆಚ್ಚಾದರೆ ಉಕ್ಕಿನ ಮೇಲೆ ಹೈಡ್ರೋಜನ್ ಉತ್ಪತ್ತಿಯಾಗಿ ಬಣ್ಣವನ್ನೇ ಕಿತ್ತುಹಾಕುತ್ತದೆ.

ಈ ಉಪಾಯ ಇನ್ನೂರು ವರ್ಷ ಹಳೆಯದು. ಬ್ರಿಟನ್ನಿನ ಯುದ್ಧನೌಕೆಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಸವೆಯುತ್ತಿದ್ದಾಗ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿ ಸವೆತ ನಿಲ್ಲಿಸಿದರು. ಆದರೆ ಹೊಸ ತೊಂದರೆ ಎದುರಾಯಿತು. ತಾಮ್ರ ಕರಗದ ಕಾರಣ ಅದರ ವಿಷ ನೀರಿಗೆ ಇಳಿಯಲಿಲ್ಲ. ಪಾಚಿ, ಚಿಪ್ಪುಜೀವಿಗಳು ಹಡಗಿಗೆ ಮೆತ್ತಿಕೊಂಡು ವೇಗವೇ ಕುಗ್ಗಿತು. ನೌಕಾಪಡೆ ಆ ಪ್ರಯೋಗವನ್ನು ಕೈಬಿಟ್ಟಿತು. ತುಕ್ಕು ಮತ್ತು ಜೀವಿಗಳನ್ನು ಬೇರೆ ಬೇರೆ ಸಮಸ್ಯೆ ಎಂದು ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಮೊದಲ ಪಾಠ.

ದಾರಿ 3: ಅಂಟದಂತೆ ನೋಡಿಕೊಳ್ಳುವುದು

ತಾಮ್ರದ ಸಂಯುಕ್ತ ಬೆರೆಸಿದ ಬಣ್ಣ ಇಂದಿಗೂ ಹಡಗು, ಬೋಟುಗಳ ತಳಕ್ಕೆ ಸಾಮಾನ್ಯ. ಸ್ವಲ್ಪ ಸ್ವಲ್ಪವೇ ತಾಮ್ರ ಬಿಡುವ ಈ ಬಣ್ಣ ಜೀವಿಗಳನ್ನು ದೂರವಿಡುತ್ತದೆ. ಇನ್ನೊಂದು ಬಗೆ ಸಿಲಿಕೋನ್ ಲೇಪನ. ಅದರಲ್ಲಿ ವಿಷ ಇರಬೇಕಿಲ್ಲ, ನುಣುಪೇ ಅದರ ಶಕ್ತಿ. ಹಡಗು ವೇಗವಾಗಿ ಓಡುವಾಗ ಅಂಟಿದ್ದೆಲ್ಲ ಜಾರಿ ಬೀಳುತ್ತದೆ. ಹೆಚ್ಚು ದಿನ ನಿಂತೇ ಇರುವ ಹಡಗಿಗೆ ಇದರಿಂದ ಪೂರ್ತಿ ಪ್ರಯೋಜನವಿಲ್ಲ.

ಲೋಳೆ ತಡೆಯುವುದರಿಂದ ಡೀಸೆಲ್ಲೂ ಉಳಿಯುತ್ತದೆ. ಹಡಗಿನ ತಳದ ಅರ್ಧ ಭಾಗಕ್ಕೆ ಕೇವಲ ಅರ್ಧ ಮಿ.ಮೀ. ದಪ್ಪದ ಲೋಳೆ ಕಟ್ಟಿದರೂ ಹಡಗು ಹೊರಬಿಡುವ ಹಸಿರುಮನೆ ಅನಿಲ ಶೇ. 25ರಿಂದ 30ರಷ್ಟು ಹೆಚ್ಚಬಹುದು ಎಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಯೋಜನೆಯೊಂದರ ಅಧ್ಯಯನ ಹೇಳಿದೆ. ಅಷ್ಟು ಹೆಚ್ಚುವರಿ ಇಂಧನ ಸುಡುತ್ತದೆ ಎಂಬುದೇ ಇದರ ಅರ್ಥ.

ಸಮುದ್ರದ ನೀರು ಎಳೆದುಕೊಳ್ಳುವ ಸ್ಥಾವರಗಳಲ್ಲಿ ಕ್ಲೋರಿನ್ ಬಳಸುತ್ತಾರೆ. ಹಲವೆಡೆ ಸಮುದ್ರದ ನೀರಿಗೇ ವಿದ್ಯುತ್ ಹರಿಸಿ ಅದರ ಉಪ್ಪಿನಿಂದ ಸೋಡಿಯಂ ಹೈಪೊಕ್ಲೋರೈಟ್ ತಯಾರಿಸಿಕೊಳ್ಳುತ್ತಾರೆ. ತಮಿಳುನಾಡಿನ ಕಲ್ಪಾಕ್ಕಂನ ಅಣು ವಿದ್ಯುತ್ ಸ್ಥಾವರ ಸಮುದ್ರದಡಿಯ 468 ಮೀಟರ್ ಉದ್ದದ ಸುರಂಗದ ಮೂಲಕ ನೀರು ಪಡೆಯುತ್ತದೆ. ಆ ಸುರಂಗದಲ್ಲಿ ಹಸಿರು ಮಸ್ಸೆಲ್ ಚಿಪ್ಪುಗಳು ಬೆಳೆದು ತೊಂದರೆ ಕೊಟ್ಟಿದ್ದರಿಂದ ಅಲ್ಲಿನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ಸುತ್ತ ಈ ವಿಷಯದ ದೊಡ್ಡ ಸಂಶೋಧನಾ ಪರಂಪರೆಯೇ ಬೆಳೆದಿದೆ. ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ ಮಂಡಪಂ ಮತ್ತು ತೂತ್ತುಕುಡಿಯಲ್ಲಿ ಸಮುದ್ರ ಸವೆತದ ಪ್ರಯೋಗ ಕೇಂದ್ರಗಳನ್ನು ಕಟ್ಟಿದೆ. ಕರ್ನಾಟಕದಲ್ಲಿ ಕಡಲ ದಡದಲ್ಲೇ ಇರುವ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಲೋಹ ಸವೆತ ತಡೆಯುವ ರಾಸಾಯನಿಕಗಳ ಕುರಿತು ಸಂಶೋಧನೆ ನಡೆದಿದೆ.

ವಿಷ ಹೆಚ್ಚಾದರೆ ಮೀನಿಗೂ ಕುತ್ತು

ಬ್ಯಾಕ್ಟೀರಿಯಾ ಕೊಲ್ಲುವ ವಿಷ ಅಲ್ಲೇ ನಿಲ್ಲುವುದಿಲ್ಲ. ಇದಕ್ಕೆ ಟಿಬಿಟಿ ಎಂಬ ತವರದ ಸಂಯುಕ್ತದ ಕಥೆ ಸಾಕ್ಷಿ. 1970ರ ದಶಕದಲ್ಲಿ ಇದನ್ನು ಬೆರೆಸಿದ ಬಣ್ಣ ಜಗತ್ತಿನ ಹಡಗುಗಳಿಗೆಲ್ಲ ಅಚ್ಚುಮೆಚ್ಚಾಯಿತು. ವರ್ಷಗಟ್ಟಲೆ ತಳ ಸ್ವಚ್ಛವಾಗಿರುತ್ತಿತ್ತು. ಆದರೆ ಫ್ರಾನ್ಸ್‌ನ ಆರ್ಕಶೋಂ ಕೊಲ್ಲಿಯಲ್ಲಿ ಸಾಕಿದ ಸಿಂಪಿಗಳ ಚಿಪ್ಪು ವಿಕಾರವಾಗಿ ಬೆಳೆಯತೊಡಗಿತು, ಇಳುವರಿ ಕುಸಿಯಿತು. ಅತಿ ಕಡಿಮೆ ಪ್ರಮಾಣದ ಟಿಬಿಟಿ ಕೂಡ ಹೆಣ್ಣು ಶಂಖುಹುಳುಗಳಲ್ಲಿ ಗಂಡಿನ ಅಂಗ ಬೆಳೆಯುವಂತೆ ಮಾಡುತ್ತದೆ ಎಂಬುದೂ ಗೊತ್ತಾಯಿತು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2001ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿ, 2008ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂತು. 2023ರ ಜನವರಿಯಿಂದ ಸೈಬ್ಯುಟ್ರಿನ್ ಎಂಬ ಇನ್ನೊಂದು ರಾಸಾಯನಿಕವೂ ಈ ಪಟ್ಟಿಗೆ ಸೇರಿದೆ.

ಬೋಟು ಉಳಿಸಲು ಬಳಿಯುವ ಬಣ್ಣ ಬಲೆಗೆ ಬೀಳುವ ಮೀನನ್ನೇ ಕಡಿಮೆ ಮಾಡಿದರೆ ಮೀನುಗಾರನಿಗೆ ಲಾಭವಿಲ್ಲ. ಅಳಿವೆಯಲ್ಲಿ ಮರುವಾಯಿ ಹೆಕ್ಕಿ ಬದುಕುವ ಕುಟುಂಬಗಳಿಗೂ ಇದು ಸಂಬಂಧಿಸಿದ ವಿಷಯ. ಕೆರೆದು ತೆಗೆದ ಹಳೆ ಬಣ್ಣದ ಪುಡಿಯನ್ನು ನೀರಿಗೆ ಗುಡಿಸಿಬಿಡುವ ಅಭ್ಯಾಸ ಈ ಕಾರಣಕ್ಕೇ ಅಪಾಯಕಾರಿ.

ದಾರಿ 4: ನೀರು ನಿಲ್ಲಬಾರದು, ಗಸಿ ಕೂರಬಾರದು

ಖರ್ಚು ಕಡಿಮೆ, ಫಲ ಹೆಚ್ಚು ಇರುವ ದಾರಿ ಇದು. ಬ್ಯಾಕ್ಟೀರಿಯಾಕ್ಕೆ ಬೇಕಿರುವುದು ನಿಂತ ನೀರು, ಕೆಸರು ಮತ್ತು ಸಮಯ. ಪೈಪಿನಲ್ಲಿ ಹರಿವು ನಿಲ್ಲದಂತೆ ವಿನ್ಯಾಸ ಮಾಡುವುದು, ಎಲ್ಲಿಗೂ ಹೋಗದ ಪೈಪಿನ ತುಂಡುಗಳನ್ನು ಕತ್ತರಿಸಿ ಹಾಕುವುದು, ತಳದ ಗಸಿಯನ್ನು ಆಗಾಗ ತೆಗೆಯುವುದು, ಪರೀಕ್ಷೆಗೆ ತುಂಬಿದ ನೀರನ್ನು ತಕ್ಷಣ ಖಾಲಿ ಮಾಡಿ ಒಣಗಿಸುವುದು ಇದರ ಭಾಗ. ಲೋಳೆ ದಪ್ಪವಾದ ಮೇಲೆ ಔಷಧ ಹಾಕಿದರೆ ಮೇಲಿನ ಮಹಡಿಯ ಬ್ಯಾಕ್ಟೀರಿಯಾ ಮಾತ್ರ ಸಾಯುತ್ತದೆ, ಉಕ್ಕಿಗೆ ಅಂಟಿದವು ಬದುಕುಳಿಯುತ್ತವೆ. ಹೀಗಾಗಿ ಮೊದಲು ಉಜ್ಜಿ ತೆಗೆದು, ಆಮೇಲೆ ಔಷಧ ಹಾಕುವುದು ಕ್ರಮ.

ದಾರಿ 5: ತಪಾಸಣೆ

ವ್ಯಾಪಾರಿ ಹಡಗುಗಳ ತಳವನ್ನು ಐದು ವರ್ಷದಲ್ಲಿ ಕನಿಷ್ಠ ಎರಡು ಬಾರಿ ಪರಿಶೀಲಿಸಬೇಕು ಎಂಬ ನಿಯಮವಿದೆ. ಇದಕ್ಕೆ ಹಡಗನ್ನು ನೀರಿನಿಂದ ಹೊರತೆಗೆಯುವ ವ್ಯವಸ್ಥೆ ಬೇಕು. 2005ರಲ್ಲಿ ಕಾರ್ಯಾರಂಭ ಮಾಡಿದ ಕಾರವಾರದ ನೌಕಾನೆಲೆಯಲ್ಲಿ 10,000 ಟನ್ ತೂಕದ ಹಡಗನ್ನು ಮೇಲೆತ್ತುವ ಶಿಪ್ ಲಿಫ್ಟ್ ಇದೆ.

ಅನುಮಾನ ಬಂದಾಗ ಸ್ಥಳದಲ್ಲೇ ಮಾಡುವ ಸರಳ ಪರೀಕ್ಷೆಯೂ ಇದೆ. ಕಪ್ಪು ಲೋಳೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಸಲ್ಫೈಡ್ ಇದೆ ಎಂದರ್ಥ. ಲೆಡ್ ಅಸಿಟೇಟ್ ಕಾಗದ ಹಿಡಿದರೆ ಅದು ಕಪ್ಪಾಗುತ್ತದೆ. ಖಚಿತಪಡಿಸಿಕೊಳ್ಳಲು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುತ್ತಾರೆ, ಇಲ್ಲವೇ ಡಿಎನ್‌ಎ ಪರೀಕ್ಷೆ ಮಾಡುತ್ತಾರೆ. ಶೀಟ್ ಪೈಲ್‌ಗಳ ದಪ್ಪವನ್ನು ಅಲ್ಟ್ರಾಸೌಂಡ್ ಉಪಕರಣದಿಂದ ಅಳೆಯುತ್ತಾರೆ.

ಒಳನಾಡಿಗೂ ಪಾಠ

ಇದು ಕಡಲ ತೀರದವರ ತಲೆನೋವು ಮಾತ್ರ ಅಲ್ಲ. ಕೊಳವೆ ಬಾವಿಯ ಪೈಪಿನಲ್ಲಿ ಕಟ್ಟುವ ಕಿತ್ತಳೆ ಬಣ್ಣದ ಲೋಳೆಯೂ ಬಹುಪಾಲು ಕಬ್ಬಿಣದ ಬ್ಯಾಕ್ಟೀರಿಯಾಗಳದ್ದೇ. ಸಿಹಿನೀರಿನ ಪೈಪು, ಗೇಟುಗಳ ಮೇಲೆ ಅವು ಗಂಟುಗಂಟಾಗಿ ಬೆಳೆದು ಅಡಿಯಲ್ಲಿ ಗುಂಡಿ ತೋಡುತ್ತವೆ. ಬೆಂಗಳೂರಿನ ಬೆಳ್ಳಂದೂರಿನಿಂದ ಹೈದರಾಬಾದಿನ ಮಾದಾಪುರದ ದುರ್ಗಂ ಚೆರುವಿನವರೆಗೆ, ಕೊಳಚೆ ಹರಿದು ಬಂದ ನಗರದ ಕೆರೆಗಳ ಬಳಿ ಮೂಗಿಗೆ ಬಡಿಯುವ ವಾಸನೆಯ ಹಿಂದೆಯೂ ಸಲ್ಫೇಟ್ ಬ್ಯಾಕ್ಟೀರಿಯಾ ಇರುತ್ತದೆ. ಒಳಚರಂಡಿಯಲ್ಲಿ ಈ ಅನಿಲ ಮೇಲೇರಿ, ಇನ್ನೊಂದು ಬ್ಯಾಕ್ಟೀರಿಯಾದ ಕೈಯಲ್ಲಿ ಗಂಧಕದ ಆಮ್ಲವಾಗಿ ಕಾಂಕ್ರೀಟ್ ಪೈಪಿನ ಛಾವಣಿಯನ್ನು ಕರಗಿಸುತ್ತದೆ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದು ನಾಡಿಗೇ ಗೊತ್ತು. ಕರ್ನಾಟಕ, ಆಂಧ್ರ, ತೆಲಂಗಾಣದ ರೈತರಿಗೆ ಸೇರಬೇಕಾದ ಹತ್ತಾರು ಟಿಎಂಸಿ ಅಡಿ ನೀರು ನದಿ ಪಾಲಾಯಿತು. ಬಳಿಕ ತಜ್ಞರು ಎಲ್ಲ 33 ಗೇಟುಗಳನ್ನೂ ಬದಲಿಸಬೇಕು ಎಂದು ಶಿಫಾರಸು ಮಾಡಿದರು. ಆ ಅವಘಡವನ್ನು ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಬರೆಯುವಂತಿಲ್ಲ. ಆದರೆ ಏಳು ದಶಕ ನೀರಿನ ಸಂಗದಲ್ಲಿದ್ದ ಉಕ್ಕು ಒಂದೇ ಕೊಂಡಿಯಲ್ಲಿ ಸೋತರೆ ಎಷ್ಟು ದೊಡ್ಡ ನಷ್ಟ ಎಂಬುದನ್ನು ಅದು ತೋರಿಸಿತು.

ಜಗತ್ತಿನಲ್ಲಿ ಲೋಹ ಸವೆತದಿಂದಾಗುವ ನಷ್ಟ ವರ್ಷಕ್ಕೆ ಸುಮಾರು 2.5 ಲಕ್ಷ ಕೋಟಿ ಡಾಲರ್, ಅಂದರೆ ಜಾಗತಿಕ ಒಟ್ಟು ಉತ್ಪನ್ನದ ಶೇ. 3.4 ಎಂದು ಅಮೆರಿಕದ ಸವೆತ ತಜ್ಞರ ಸಂಘಟನೆ 'ನೇಸ್' 2016ರಲ್ಲಿ ಅಂದಾಜಿಸಿತ್ತು. ಈಗಾಗಲೇ ಗೊತ್ತಿರುವ ವಿಧಾನಗಳನ್ನು ಸರಿಯಾಗಿ ಪಾಲಿಸಿದರೆ ಇದರಲ್ಲಿ ಶೇ. 15ರಿಂದ 35ರಷ್ಟು ಉಳಿಸಬಹುದು ಎಂಬುದೂ ಅದೇ ವರದಿಯ ಮಾತು.

ಬೋಟು ಮಾಲೀಕರು ಗಮನಿಸಬೇಕಾದದ್ದು

* ದಡಕ್ಕೆ ಎಳೆದಾಗ ತಳವನ್ನು ಬರೀ ಕೆರೆದು ಬಿಡದೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಬಣ್ಣ ಬಳಿಯಬೇಕು.
* ಕಪ್ಪು ಲೋಳೆ ಕಂಡ ಜಾಗಕ್ಕೆ ಗುರುತು ಹಾಕಿ, ಅಲ್ಲಿನ ಹಾಳೆಯ ದಪ್ಪ ಅಳೆಸಬೇಕು. ಬಣ್ಣದಿಂದ ಗುಂಡಿ ಮುಚ್ಚಬಾರದು.
* ಸತುವಿನ ತುಂಡು ಅರ್ಧದಷ್ಟು ಸವೆದಿದ್ದರೆ ಬದಲಿಸಬೇಕು. ಅದರ ಮೇಲೆ ಬಣ್ಣ ಬಳಿದರೆ ಅದು ಕೆಲಸ ಮಾಡುವುದಿಲ್ಲ.
* ಡೀಸೆಲ್ ಟ್ಯಾಂಕಿನ ತಳದಲ್ಲಿ ಸೇರುವ ನೀರನ್ನು ಆಗಾಗ ಹೊರಬಿಡಬೇಕು. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆದು ಫಿಲ್ಟರ್ ಕಟ್ಟುತ್ತದೆ, ಟ್ಯಾಂಕ್ ತೂತಾಗುತ್ತದೆ.
* ಬೋಟಿನ ಒಳತಳದಲ್ಲಿ ನಿಂತ ಕೊಳೆ ನೀರನ್ನು ರಜೆಗೆ ಮೊದಲೇ ಖಾಲಿ ಮಾಡಬೇಕು.
* ಕೊಳೆತ ಮೊಟ್ಟೆಯ ವಾಸನೆ ಬರುವ ಮುಚ್ಚಿದ ಟ್ಯಾಂಕ್ ಅಥವಾ ಮೀನಿನ ಕೋಣೆಗೆ ಗಾಳಿಯಾಡಿಸದೆ ಯಾರೂ ಇಳಿಯಬಾರದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತದೆ.

ಆಗಸ್ಟ್ 1ರಿಂದ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಹೊಸ ಬಣ್ಣ ಎಲ್ಲ ಬೋಟುಗಳಲ್ಲೂ ಒಂದೇ ರೀತಿ ಹೊಳೆಯುತ್ತದೆ. ಅದರಡಿ ಉಕ್ಕು ಎಷ್ಟು ದಪ್ಪ ಉಳಿದಿದೆ ಎಂಬುದನ್ನು ನೋಡಿಕೊಳ್ಳಲು ಸಿಗುವುದು ದಡದಲ್ಲಿರುವ ಆ ಕೆಲವು ದಿನಗಳು ಮಾತ್ರ. ನಡುಗಡಲಿನಲ್ಲಿ ನೀರು ಒಳನುಗ್ಗಿದ ಮೇಲೆ ಅದನ್ನು ತಿಳಿದು ಉಪಯೋಗವಿಲ್ಲ.